ಎರಡು ಒತ್ತಿನ ಗಾಳಿ

ವರ್ನಾ ಟೀಚೌಟ್ ಎಂಬಾಕೆ ಒಬ್ಬರಿಗೆ ಒಂದೇ ಒಂದು ಥ್ಯಾಂಕ್ಸ್ ಹೇಳಬೇಕಿತ್ತು. ಅದಕ್ಕಾಗಿ ಮೂವತ್ತು ವರ್ಷ ಹೆಣಗಿದಳು. ಅವರೇನು ಊರು ಬಿಟ್ಟು ಹೋಗಿರಲಿಲ್ಲ, ಕಿವುಡರೂ ಆಗಿರಲಿಲ್ಲ. ಅದರಲ್ಲಿ ಅರ್ಧ ಕಾಲ ಬೆಳಗಾದರೆ ಹತ್ತು ಮಾರು ದೂರದ ಮೇಜಿನಲ್ಲೇ ಕೂತಿರುತ್ತಿದ್ದರು. ಆದರೂ ಆ ಮಾತು ಅವರಿಗೆ ತಲುಪಲಿಲ್ಲ. ಕೆಲವರು ಹಾಗೆಯೇ, ಉಪಕಾರ ಮಾಡುವಾಗ ಎರಡೂ ಕೈ ಮುಂದೆ, ಅದನ್ನು ನೆನೆಸಿಕೊಂಡರೆ ಎರಡೂ ಕಾಲು ಹಿಂದೆ.

ಅವರ ಹೆಸರು ಎಮರಿ ಶುಫೆಲ್ಟ್. ಟ್ಯಾನರಿ ಫಾಲ್ಸ್‌ನ ಹ್ಯಾಲೆನ್‌ಬೆಕ್ ಗಾಳಿಬಂದೂಕಿನ ಕಾರ್ಖಾನೆಯಲ್ಲಿ ಪರೀಕ್ಷೆ ಕೋಣೆಯ ಫೋರ್‌ಮನ್. ನ್ಯೂಯಾರ್ಕ್ ರಾಜ್ಯ ಎಂದ ಕೂಡಲೇ ಮುಗಿಲು ಮುಟ್ಟುವ ಕಟ್ಟಡಗಳನ್ನು ನೆನೆಯುವವರಿಗೆ ನಮ್ಮೂರು ಗೊತ್ತಿರಲಿಕ್ಕಿಲ್ಲ. ನಮ್ಮದು ಎಲೆಕೋಸು, ಹಾಲು, ನೆಲದಡಿಯ ಉಪ್ಪಿನ ಗಣಿಯ ಊರು. ಮೊದಲ ಹ್ಯಾಲೆನ್‌ಬೆಕ್ ಬಾವಿಗೆ ಕೈಪಂಪು ಮಾಡಿ ಮಾರುತ್ತಿದ್ದವನು. ನೀರು ತಳ್ಳುವ ಪಂಪು ಗಾಳಿಯನ್ನೇಕೆ ತಳ್ಳಬಾರದು ಎಂದು ಯೋಚಿಸಿ, ಕಣಜದ ಇಲಿ ಹೊಡೆಯಲು ತಗಡು ಮತ್ತು ಮರದ ಒಂದು ಬಂದೂಕು ಮಾಡಿಕೊಂಡನಂತೆ. ಇಲಿಗಳು ಸತ್ತವೋ ಇಲ್ಲವೋ, ನೋಡಿದವರೆಲ್ಲ ಪಂಪು ಬಿಟ್ಟು ಬಂದೂಕು ಕೇಳತೊಡಗಿದರು. ಅವನ ಮಗನ ಕಾಲಕ್ಕೆ ಹಿತ್ತಾಳೆಯ ನಳಿಗೆ, ವಾಲ್ನಟ್ ಮರದ ಹಿಡಿ ಬಂದವು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹಿತ್ತಾಳೆ ಸಿಗದೆ ಸೈನ್ಯದ ಲಾರಿಗಳಿಗೆ ಗ್ರೀಸ್ ಹಾಕುವ ಪಂಪು ಮಾಡಿ ಹೊಟ್ಟೆ ಹೊರೆದರು. ಯುದ್ಧ ಮುಗಿದ ಮೇಲೆ ಬಂದದ್ದು ಇಪ್ಪತ್ತೆರಡನೇ ಮಾದರಿ. ದೇಶದ ಮೂಲೆಮೂಲೆಯಲ್ಲಿ ಹ್ಯಾಲೆನ್‌ಬೆಕ್ ಎಂದರೆ ಅದೇ.

ಆ ಬಂದೂಕಿನ ಗುಟ್ಟೆಲ್ಲ ಗಾಳಿ ಹಿಡಿಯುವುದರಲ್ಲಿತ್ತು. ನಳಿಗೆಯ ಕೆಳಗಿನ ಮರದ ತುಂಡೇ ಪಂಪಿನ ಕೈ. ಅದನ್ನು ಒಮ್ಮೆ ಬಿಚ್ಚಿ ಮುಚ್ಚಿದರೆ ಒಂದು ಒತ್ತು. ಹತ್ತು ಒತ್ತಿಗೆ ಇಲಿ ಸಾಯುತ್ತದೆ, ನಾಲ್ಕಕ್ಕೆ ಡಬ್ಬಿ ಉರುಳುತ್ತದೆ. ಒಳಗೆ ತುಂಬಿದ ಗಾಳಿಯನ್ನು ತಡೆದು ನಿಲ್ಲಿಸುವುದು ಬೆರಳುಗುರಿನಗಲದ ತೊಗಲಿನ ಬಿಲ್ಲೆ. ಬಿಲ್ಲೆ ಸರಿಯಾಗಿ ಕೂರದಿದ್ದರೆ ಗಾಳಿ ತಾನಾಗಿ ಸೋರಿಹೋಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಶುಕ್ರವಾರ ಸಂಜೆ ಪ್ರತಿ ಬಂದೂಕಿಗೂ ಹತ್ತು ಒತ್ತು ಗಾಳಿ ತುಂಬಿ, ಗುಂಡು ಹಾಕದೆ, ಗೂಟಕ್ಕೆ ತಗಲಿಸುವುದು. ಸೋಮವಾರ ಬೆಳಿಗ್ಗೆ ಮರಳಿನ ಪೆಟ್ಟಿಗೆಯ ಕಡೆ ಹಿಡಿದು ಟ್ರಿಗರ್ ಎಳೆಯುವುದು. ಸದ್ದು ಮಾಡಿದರೆ ಪಾಸು, ಮಾಡದಿದ್ದರೆ ವಾಪಸು. ಪ್ರತಿ ಬಂದೂಕಿಗೂ ಒಂದು ರಟ್ಟಿನ ಚೀಟಿ, ಅದರಲ್ಲಿ ಎರಡು ಸಾಲು. ಮೊದಲನೆಯದು 'ಗಾಳಿ ತುಂಬಿದವರು', ಎರಡನೆಯದು 'ಹಿಡಿದಿದೆ'. ಎರಡರಲ್ಲೂ ಒಬ್ಬರದೇ ಸಹಿ ಇರಕೂಡದು. ತನ್ನ ಕೆಲಸಕ್ಕೆ ತಾನೇ ಭೇಷ್ ಅಂದುಕೊಳ್ಳುವುದು ಅಲ್ಲಿ ನಡೆಯುತ್ತಿರಲಿಲ್ಲ.

ವರ್ನಾ ಕೆಲಸಕ್ಕೆ ಸೇರಿದ್ದು ೧೯೫೬ರ ನವೆಂಬರಿನಲ್ಲಿ, ಇಪ್ಪತ್ತಾರನೇ ವಯಸ್ಸಿಗೆ. ಗಂಡ ಹೆರಾಲ್ಡ್ ಗಣಿಯಲ್ಲಿ ಉಪ್ಪಿನ ಬಂಡೆ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಎರಡು ಪುಟ್ಟ ಹೆಣ್ಣುಮಕ್ಕಳು. ಊರಿನಲ್ಲಿ ಹೆಂಗಸರಿಗೆ ಕೆಲಸವಿದ್ದದ್ದು ಎರಡೇ ಕಡೆ. ಬಟಾಣಿಯನ್ನು ಡಬ್ಬಿಗೆ ತುಂಬುವಲ್ಲಿ ವರ್ಷಕ್ಕೆ ಮೂರು ತಿಂಗಳು ಮಾತ್ರ ಕೆಲಸ. ಹನ್ನೆರಡು ತಿಂಗಳೂ ಸಂಬಳ ಕೊಡುತ್ತಿದ್ದುದು ಹ್ಯಾಲೆನ್‌ಬೆಕ್ ಒಂದೇ.

ಸೇರಿ ಮೂರನೇ ವಾರ, ಅಲ್ಲಿಯವರೆಗೆ ಪೆಟ್ಟಿಗೆ ಕಟ್ಟುವಲ್ಲಿ ಇದ್ದವಳನ್ನು ಪರೀಕ್ಷೆ ಕೋಣೆಗೆ ಹಾಕಿದ್ದರು. ಆ ಸೋಮವಾರ ಒಳ್ಳೆಯ ಹೆಸರು ತೆಗೆದುಕೊಳ್ಳೋಣವೆಂದು ಎಲ್ಲರಿಗಿಂತ ಮುಂಚೆ ಬಂದಳು. ನೋಡುತ್ತಾಳೆ, ಗೂಟಗಳ ಮೇಲೆ ಇನ್ನೂರ ಹದಿನಾರು ಬಂದೂಕು, ಎಲ್ಲವೂ ಗಾಳಿ ತುಂಬಿಕೊಂಡು ಕೂತಿವೆ. ಅವಳು ಜಿಂಕೆ ಬೇಟೆಯವರ ಮನೆಯ ಮಗಳು. ಬಂದೂಕು ಖಾಲಿಯಾಗದೆ ಹೊಸ್ತಿಲು ದಾಟಬಾರದು ಎಂಬುದು ಅವಳ ಅಪ್ಪನ ಕಟ್ಟುನಿಟ್ಟು. ಆ ಮಾತು ಮರೆತ ಚಿಕ್ಕಪ್ಪನೊಬ್ಬ ಎರಡು ಕಾಲ್ಬೆರಳು ಕಳೆದುಕೊಂಡಿದ್ದ. ಈ ಜನ ಎಂಥ ಬೇಜವಾಬ್ದಾರಿ, ತುಂಬಿದ ಬಂದೂಕನ್ನು ಎರಡು ದಿನ ಬಿಟ್ಟು ಹೋಗಿದ್ದಾರಲ್ಲ ಎಂದುಕೊಂಡಳು. ಒಂದೊಂದನ್ನೇ ಇಳಿಸಿ, ಮರಳಿನ ಕಡೆ ಹಿಡಿದು, ಟ್ರಿಗರ್ ಎಳೆದು, ಮತ್ತೆ ನೀಟಾಗಿ ತಗಲಿಸಿದಳು. ಯಾವುದು ಸದ್ದು ಮಾಡಿತು, ಯಾವುದು ಮಾಡಲಿಲ್ಲ ಎಂದು ಬರೆದಿಡಲಿಲ್ಲ. ಬರೆಯಬೇಕೆಂದು ಅವಳಿಗೆ ಗೊತ್ತಿದ್ದರೆ ತಾನೇ.

ಮೊದಲು ಒಳಗೆ ಬಂದವರು ಶುಫೆಲ್ಟ್. ವರ್ನಾ ಹೆಮ್ಮೆಯಿಂದಲೇ ವರದಿ ಒಪ್ಪಿಸಿದಳು. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು ಗೂಟಗಳನ್ನೇ ನೋಡುತ್ತ ನಿಂತರು. ಮರುದಿನ ಮಧ್ಯಾಹ್ನಕ್ಕೆ ಕ್ರಿಸ್‌ಮಸ್ ಮಾಲು ಒಯ್ಯುವ ಲಾರಿ ಬರುವುದಿತ್ತು. ಆಮೇಲೆ ಪರೀಕ್ಷೆ ಎಂದರೇನೆಂದು ನಾಲ್ಕೇ ಮಾತಿನಲ್ಲಿ ಹೇಳಿದರು. ವರ್ನಾ ಕೋಟು ಹಾಕಿಕೊಳ್ಳಲು ಹೋದಳು. ಹೋಗು ಎನ್ನಿಸಿಕೊಳ್ಳುವುದಕ್ಕಿಂತ ತಾನೇ ಹೋಗುವುದು ಮರ್ಯಾದೆ ಎಂದುಕೊಂಡು.

"ಎಲ್ಲಿಗ್ ಹೊರಟ್ರಿ ಮಿಸೆಸ್ ಟೀಚೌಟ್?" ಎಂದರು ಶುಫೆಲ್ಟ್. "ಎಡಗಡೆ ಸಾಲು ನಂದು, ಬಲಗಡೇದು ನಿಮ್ದು. ಹತ್ ಹತ್ತು ಒತ್ತು. ಎಣಿಸೋದ್ ತಪ್ಪಬೇಡಿ."

ಇಬ್ಬರೂ ನೂರೆಂಟು ನೂರೆಂಟು ಬಂದೂಕಿಗೆ ಗಾಳಿ ತುಂಬಿದರು. ಹತ್ತನೇ ಒತ್ತಿನ ಹೊತ್ತಿಗೆ ಪಂಪಿನ ಕೈ ಕಲ್ಲಾಗುತ್ತದೆ. ಶುಫೆಲ್ಟ್‌ಗೆ ಆಗಲೇ ಐವತ್ತು ದಾಟಿತ್ತು, ಬಲಭುಜದ ಕೀಲು ಮೊದಲಿನಿಂದಲೂ ಕಿರಿಕಿರಿ. ಒಂದು ಸಲವೂ ಉಸ್ ಎನ್ನಲಿಲ್ಲ. ನಡುವೆ ಮೇಲಿನ ಸಾಹೇಬರು ಬಂದು, ಶುಕ್ರವಾರ ತುಂಬಿದ್ದಕ್ಕೆ ಮತ್ತೇಕೆ ತುಂಬುತ್ತಿದ್ದೀರಿ ಎಂದು ಕೇಳಿದರು. 

"ಈ ಸಲದ್ ಪರೀಕ್ಷೆ ನಂಗೆ ಸಮಾಧಾನ ಆಗ್ಲಿಲ್ಲ," ಎಂದರು ಶುಫೆಲ್ಟ್, ತಲೆಯೆತ್ತದೆ. "ಇನ್ನೊಂದ್ಸಲ ನೋಡ್ತಿದೀನಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಾಹೇಬರು ತಲೆಯಾಡಿಸಿ ಹೋದರು. ಮಂಗಳವಾರ ಬೆಳಿಗ್ಗೆ ನೋಡಿದರೆ ಇನ್ನೂರ ಹದಿನಾರರಲ್ಲಿ ಹನ್ನೊಂದು ಸೋರಿದ್ದವು. ಉಳಿದವು ಲಾರಿ ಹತ್ತಿದವು. ಅವತ್ತು ಶುಫೆಲ್ಟ್ ಕಾಫಿಯ ಲೋಟವನ್ನು ಎಡಗೈಯಲ್ಲಿ ಎತ್ತಿದ್ದನ್ನು ವರ್ನಾ ನೋಡಿದಳು. ಬಲಗೈ ಮೇಲೇಳುತ್ತಿರಲಿಲ್ಲ. ಆ ಎಡಗೈಯನ್ನು ಅವಳು ಸಾಯುವ ತನಕ ಮರೆಯಲಿಲ್ಲ.

ಆ ವಾರವೇ ಥ್ಯಾಂಕ್ಸ್ ಹೇಳಹೋದಳು. ಬಾಯಿ ತೆರೆಯುವಷ್ಟರಲ್ಲಿ ಶುಫೆಲ್ಟ್‌ಗೆ ಗೋದಾಮಿನಲ್ಲಿ ಏನೋ ಕೆಲಸ ನೆನಪಾಯಿತು. ಮುಂದಿನ ವಾರವೂ ಅಷ್ಟೆ. ಬೇಸಿಗೆಯಲ್ಲಿ ಹುಳಿ ಚೆರ್ರಿಯ ಪೈ ಮಾಡಿ ಮನೆಗೇ ಒಯ್ದಳು. ಅವರು ಹಿತ್ತಲ ಬಾಗಿಲಿಂದ ಹೊರಗೆ ಹೋಗಿ ಟೊಮೇಟೊ ಗಿಡಕ್ಕೆ ಕೋಲು ಕಟ್ಟುತ್ತ ನಿಂತುಬಿಟ್ಟರು. ಮಾರನೆಯ ದಿನ ತೊಳೆದ ತಟ್ಟೆ ವಾಪಸು ಬಂತು, ಅದರ ಮೇಲೆ ಅವರ ಹೆಂಡತಿ ಹಾಕಿದ ಸೌತೆಕಾಯಿ ಉಪ್ಪಿನಕಾಯಿಯ ಜಾಡಿ. ಋಣ ತೀರಿಸಲು ಹೋದವಳು ಇನ್ನೊಂದು ಋಣ ಹೊತ್ತು ಬಂದಂತಾಯಿತು. ಕೋಣೆಯ ಹೆಂಗಸರಿಗೆ ಇದೊಂದು ತಮಾಷೆ. ಫೋರ್‌ಮನ್ ಕೂತಲ್ಲಿಂದ ಏಳಬೇಕಾದರೆ ವರ್ನಾಳನ್ನು ಕಳಿಸಿ, ಥ್ಯಾಂಕ್ಸ್ ಅಂತ ಹೇಳುತ್ತಾಳೆ, ಎದ್ದು ಓಡುತ್ತಾರೆ ಎಂದು ನಗುತ್ತಿದ್ದರು.

ಬಾಯಿಂದ ಆಗದ್ದನ್ನು ವರ್ನಾ ಕೈಯಿಂದ ಮಾಡಿದಳು. ಬಿಲ್ಲೆ ಕತ್ತರಿಸುವ ಮೇಜನ್ನು ಕೇಳಿ ಪಡೆದಳು. ತೊಗಲಿನಲ್ಲಿ ಬೆನ್ನಿನ ಭಾಗ ಯಾವುದು, ಹೊಟ್ಟೆಯ ಭಾಗ ಯಾವುದು ಎಂದು ಕಣ್ಣು ಮುಚ್ಚಿ ಹೇಳುವಷ್ಟು ಪಳಗಿದಳು. ಅವಳು ಬಿಲ್ಲೆ ಕೂರಿಸಿದ ಬಂದೂಕು ವಾಪಸು ಬರುವುದು ಅಪರೂಪವಾಯಿತು. ಶುಫೆಲ್ಟ್ ಕಡೆಯಿಂದ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಆ ಸಂಬಳದಲ್ಲೇ ಹೆರಾಲ್ಡ್ ಎದ್ದು ಕೋಲು ಹಿಡಿದು ಓಡಾಡಿದ, ಹೆಣ್ಣುಮಕ್ಕಳಿಬ್ಬರೂ ಓದಿದರು. ಭಾನುವಾರದ ಪ್ರಾರ್ಥನೆಯಲ್ಲಿ ವರ್ನಾ ದೇವರಿಗೆ ಹೇಳಿಕೊಳ್ಳುವಾಗ ನಡುವೆ ಶುಫೆಲ್ಟ್ ಹೆಸರೂ ಸೇರಿಕೊಳ್ಳುತ್ತಿತ್ತು. ದೇವರಾದರೂ ಎದ್ದು ಹೋಗುವವನಲ್ಲ.

ಕಾಲ ಬದಲಾಯಿತು. ಸೋಡಾ ತುಂಬುವ ಅನಿಲದ ಪುಟ್ಟ ಸಿಲಿಂಡರಿನ ಪಿಸ್ತೂಲು ಬಂತು. ಆಮೇಲೆ ಪ್ಲಾಸ್ಟಿಕ್ಕಿನ ಹಿಡಿ, ರಬ್ಬರಿನ ಬಿಲ್ಲೆ. ೧೯೭೧ರಲ್ಲಿ ಶುಫೆಲ್ಟ್ ನಿವೃತ್ತರಾದಾಗ ಕಾರ್ಖಾನೆಯವರು ಎಲ್ಲರಿಗೂ ಕೊಡುವಂತೆ ಅವರಿಗೂ ಒಂದು ಬಂದೂಕು ಕೊಡಲು ಹೊರಟರು. ಹೊಸದು ಬೇಡ, ಹಳೆಯ ಇಪ್ಪತ್ತೆರಡೇ ಬೇಕು, ಬಿಲ್ಲೆ ವರ್ನಾ ಕೂರಿಸಲಿ ಎಂದಷ್ಟೇ ಹೇಳಿದರು. ವರ್ನಾ ಗೋದಾಮಿನಲ್ಲಿ ಉಳಿದಿದ್ದ ಬಿಡಿಭಾಗ ಹುಡುಕಿ ಜೋಡಿಸಿದಳು. ಆ ಒಂದು ಬಿಲ್ಲೆಗೆ ಅರ್ಧ ದಿನ ತೆಗೆದುಕೊಂಡಳು. ಬಂದೂಕು ಕೈಗೆ ಕೊಡುವಾಗಲಾದರೂ ಹೇಳಿಯೇ ಬಿಡಬೇಕೆಂದಿದ್ದಳು. ಅವರು ಬಂದೂಕು ಹಿಡಿದು, ಎರಡು ಒತ್ತು ಗಾಳಿ ಹಾಕಿ, ಕಿವಿಯ ಹತ್ತಿರ ಇಟ್ಟು ಆಲಿಸಿ, ಟೋಪಿ ಹಾಕಿಕೊಂಡು ಹೊರಟೇ ಹೋದರು. ಗಾಳಿಬಂದೂಕನ್ನು ಎತ್ತಿಡುವಾಗ ಎರಡು ಒತ್ತು ಒಳಗಿರಬೇಕು, ಬಿಲ್ಲೆ ಸಡಿಲವಾಗುವುದಿಲ್ಲ ಎಂಬುದು ನಮ್ಮೂರಿನ ಎಲ್ಲ ಮನೆಗಳ ಕ್ರಮ. ೧೯೮೯ರ ಚಳಿಗಾಲದಲ್ಲಿ ಶುಫೆಲ್ಟ್ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ವರ್ನಾಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಕೊನೆಗೂ ತಪ್ಪಿಸಿಕೊಂಡರಲ್ಲ ಎಂದು.

ವರ್ನಾ ಕೊನೆಗೆ ರಿಪೇರಿ ಕೋಣೆಯಲ್ಲಿದ್ದಳು. ೧೯೯೮ರ ಶರತ್ಕಾಲ, ಅವಳ ನಿವೃತ್ತಿಗೆ ಎರಡು ವಾರ ಉಳಿದಿತ್ತು. ಒಂದು ಮಧ್ಯಾಹ್ನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಹಾಸುಗಂಬಳಿಯಲ್ಲಿ ಸುತ್ತಿದ ಬಂದೂಕು ತಂದಳು. ಶುಫೆಲ್ಟ್ ಅವರ ಮೊಮ್ಮಗಳು, ಹೆಸರು ಜೋಲೀನ್. ಅಜ್ಜಿ ಹೋಗಿ ತಿಂಗಳಾಯಿತು, ಮನೆ ಖಾಲಿ ಮಾಡುತ್ತಿದ್ದೇವೆ ಎಂದಳು.

"ಅಜ್ಜಿ ಇದನ್ನ ಗೋಡೆಯಿಂದ ಇಳಿಸೋಕೆ ಯಾರಿಗೂ ಬಿಡ್ತಿರ್ಲಿಲ್ಲ," ಎಂದಳು ಜೋಲೀನ್. "ಟ್ರಿಗರ್ ಮುಟ್ಬೇಡಿ, ಇದು ವರ್ನಾ ಕೈಗೇ ಹೋಗ್ಬೇಕು, ತಾತ ಹೇಳಿದಾರೆ ಅಂತಿದ್ರು. ತಿರುಗಿ ತಿರುಗಿ ಅದೇ ಮಾತು."

ವರ್ನಾ ಕಂಬಳಿ ಬಿಚ್ಚಿದಳು. ಟ್ರಿಗರಿನ ಸುತ್ತಿನ ಕಂಬಿಗೆ ಕಾರ್ಖಾನೆಯ ಹಳೆಯ ರಟ್ಟಿನ ಚೀಟಿ ಕಟ್ಟಿತ್ತು. ಮೊದಲ ಸಾಲಿನಲ್ಲಿ ನಡುಗುವ ಅಕ್ಷರ: 'ಗಾಳಿ ತುಂಬಿದವರು: ಎ. ಶುಫೆಲ್ಟ್. ೨ ಒತ್ತು. ಅಕ್ಟೋಬರ್ ೧೯೮೮.' ಎರಡನೆಯ ಸಾಲು ಖಾಲಿ.

ವರ್ನಾಳಿಗೆ ಕೂರಬೇಕೆನಿಸಿತು, ಕೂತಳು. ಅವಳು ಅಂದು ಕೆಡಿಸಿದ್ದ ಪರೀಕ್ಷೆಯನ್ನೇ ಆ ಮುದುಕ ಅವಳ ಬಿಲ್ಲೆಯ ಮೇಲೆ ನಂಬಿಕೆಯಿಟ್ಟು ಮತ್ತೆ ಒಡ್ಡಿದ್ದರು. ಎರಡು ದಿನವಲ್ಲ, ಹತ್ತು ವರ್ಷ. ಸೋರಿದ್ದರೆ? ಹತ್ತು ವರ್ಷ ತೊಗಲಿಗೆ ಕಡಿಮೆಯಲ್ಲ.  ಗುಂಡಿಲ್ಲವೆಂದು ಎರಡು ಸಲ ನೋಡಿ, ಬಂದೂಕನ್ನು ಸಜ್ಜು ಮಾಡಿ, ಮರಳಿನ ಪೆಟ್ಟಿಗೆಯ ಕಡೆ ಹಿಡಿದಳು. ಎಳೆಯಲು ಮನಸ್ಸು ಬರಲಿಲ್ಲ. ಒಳಗಿದ್ದರೆ ಅದು ಅವರ ಕೈಯಿಂದ ಹೋದ ಗಾಳಿ, ಒಮ್ಮೆ ಬಿಟ್ಟರೆ ಮತ್ತೆ ಬರುವುದಿಲ್ಲ. ಆದರೆ ಎಳೆಯದೆ ಆ ಸಾಲು ತುಂಬುವಂತಿರಲಿಲ್ಲ. ಎಳೆದಳು.

ಫುಸ್ ಎಂದಿತು. ಮರಳಿನ ಮೇಲೆ ಪುಟ್ಟದೊಂದು ಗುಳಿ ಬಿತ್ತು.

ವರ್ನಾ ಮುಖ ಮುಚ್ಚಿಕೊಂಡು ಅತ್ತಳು. ಜೋಲೀನ್ ಗಾಬರಿಯಾಗಿ, ಕೆಟ್ಟುಹೋಗಿದೆಯೇ ಎಂದು ಕೇಳಿದಳು.

"ಇಲ್ಲಮ್ಮ," ಎಂದಳು ವರ್ನಾ. "ನಲವತ್ತೆರಡು ವರ್ಷದಿಂದ ನಿಮ್ ತಾತಂಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ. ನನಗಿಂತ ಮುಂಚೆ ಅವ್ರೇ ಉತ್ರ ಕೊಟ್ಟಿಟ್ಟು ಹೋಗಿದಾರೆ."

ಪೆನ್ನು ತೆಗೆದು ಖಾಲಿ ಸಾಲಿನಲ್ಲಿ 'ಹಿಡಿದಿದೆ' ಎಂಬುದರ ಮುಂದೆ ತನ್ನ ಹೆಸರು ಪೂರ್ತಿ ಬರೆದಳು. ಆಮೇಲೆ ಬಂದೂಕಿಗೆ ಎರಡು ಒತ್ತು ಗಾಳಿ ತುಂಬಿ ಜೋಲೀನಳ ಕೈಗೆ ಕೊಟ್ಟಳು. ಚೀಟಿಯನ್ನು ಮಾತ್ರ ಕೊಡಲಿಲ್ಲ. ಜೋಲೀನ್ ಹೋದ ಮೇಲೆ ಅದನ್ನು ಎದುರಿಗಿಟ್ಟುಕೊಂಡು, "ಥ್ಯಾಂಕ್ಯೂ, ಮಿಸ್ಟರ್ ಶುಫೆಲ್ಟ್," ಎಂದು ಗಟ್ಟಿಯಾಗಿಯೇ ಹೇಳಿದಳು. ಯಾರೂ ಎದ್ದು ಹೋಗಲಿಲ್ಲ.