ಅಂಗೈಗೆ ತಾಗುವ ಹಕಾರ

ಜಯಕ್ಕ ಮೇಡಂ ಹಾಜರಿ ಹಾಕುವಾಗ ತಮ್ಮ ಅಂಗೈಯನ್ನು ನಮ್ಮ ಬಾಯಿಯ ಮುಂದೆ ಹಿಡಿಯುತ್ತಿದ್ದರು. ಹೆಸರು ಕೂಗಿದಾಗ ನಾವು ‘ಹಾಜರ್’ ಅನ್ನಬೇಕು. ಹಕಾರದ ಉಸಿರು ಅಂಗೈಗೆ ತಾಗಿದರೆ ಬಂದಿದ್ದೇವೆ ಎಂದರ್ಥ. ‘ಆಜರ್’ ಅಂದವರು ಎದುರಿಗೇ ನಿಂತಿದ್ದರೂ ಬಂದಿಲ್ಲ. “ಉಸ್ರೇ ತಾಗ್ನಿಲ್ಲ ಕಣ್ಲಾ. ನೀನಿನ್ನೂ ಬಸ್ಸಲ್ಲೇ ಕುಂತಿದ್ದೀಯ, ಇಳ್ದು ಬಾ,” ಎನ್ನುತ್ತಿದ್ದರು.

ಹೊಳೆನರಸೀಪುರದ ಹಳೇ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ನಮ್ಮ ತರಗತಿ. ನಾಟಕದ ಹಾಡು, ಮಾತು ಕಲಿಸುವ ಎರಡು ವರ್ಷದ ಸರ್ಕಾರಿ ಕೋರ್ಸು. ಕಲಿಯುವವರಿಗೆ ತಿಂಗಳ ಸ್ಟೈಪೆಂಡು, ಮಧ್ಯಾಹ್ನದ ಊಟ. ಜಯಕ್ಕ ಅರಕಲಗೂಡಿನವರು. ಚಿಕ್ಕ ವಯಸ್ಸಿಗೇ ನಾಟಕದ ಕಂಪನಿ ಸೇರಿ, ಊರೂರು ಸುತ್ತಿ, ರಾಣಿಯ ಪಾರ್ಟುಗಳನ್ನೆಲ್ಲ ಮುಗಿಸಿ, ಮೊಣಕಾಲು ನೋವು ಶುರುವಾದ ಮೇಲೆ ಮೇಡಂ ಆದವರು. ಕುಳ್ಳಗಿದ್ದರು. ದನಿ ತೆಗೆದರೆ ಮಾತ್ರ ಆ ಕೋಣೆ ಸಾಲುತ್ತಿರಲಿಲ್ಲ.

ನಮ್ಮ ಕಡೆ ಹಕಾರ ಇರುವುದೇ ಪುಸ್ತಕದಲ್ಲಿ. ಅದನ್ನು ನಾಲಿಗೆಗೆ ತರಲು ಅವರು ಒಂದು ವಾಕ್ಯ ಕಟ್ಟಿದ್ದರು: ‘ಹಳ್ಳದ ಹಾದಿಯಲ್ಲಿ ಹಸು ಹೋಯಿತು.’ ನಮ್ಮ ಜೊತೆಗಿದ್ದ ಪುಟ್ಟರಾಜು ಅದನ್ನು ‘ಅಸು ಓಯಿತು’ ಅಂದ. “ಅಸ ಓದ್ರೆ ಉಡುಕ್ಬೋದು ಕಣ್ಲಾ, ಅಸು ಓದ್ರೆ ಎಲ್ಲಿ ಉಡುಕ್ತೀಯ?” ಎಂದರು ಜಯಕ್ಕ. ಬೈಸಿಕೊಂಡು ಹೆದರಿದ ಪುಟ್ಟರಾಜು ಮಾರನೆಯ ದಿನ ಅರಸನ ಪಾರ್ಟಿನಲ್ಲಿ ಸಿಂಹಾಸನದ ಮೇಲೆ ಕುಳಿತು ‘ಹರಸನ ಹಾಜ್ಞೆ’ ಎಂದು ಗುಡುಗಿದ. ಹಾರ್ಮೋನಿಯಂ ಮೇಲೆ ತಲೆಯಿಟ್ಟು ಜಯಕ್ಕ ನಕ್ಕ ನಗು ನನಗಿನ್ನೂ ಕೇಳಿಸುತ್ತದೆ.

ತಮಾಷೆಯೆಂದರೆ, ಪಾಠದ ವಾಕ್ಯ ಬಿಟ್ಟರೆ ಅವರ ಬಾಯಲ್ಲೂ ಹಕಾರ ಇರುತ್ತಿರಲಿಲ್ಲ. ನಾನು ಒಮ್ಮೆ ಅದನ್ನೇ ಎತ್ತಿ ಆಡಿದೆ. ಅವರಿಗೆ ಸಿಟ್ಟು ಬರಲಿಲ್ಲ. “ಮನೇಲಿ ನೈಟಿ ಆಕ್ಕೊಂಡಿರ್ತೀವಿ, ಅಂಗೇ ಸ್ಟೇಜಿಗೆ ಬತ್ತೀವಾ? ಓಗು ಅನ್ನೋದು ನಿಮ್ಮವ್ವ ಕಲಿಸಿದ್ ಮಾತು, ಅದ ಬುಡಬ್ಯಾಡ. ಹೋಗು ಅನ್ನೋದು ನಿನ್ನ ಕಸುಬು, ಅದ ಕಲ್ತ್ಕೊ,” ಎಂದರು.

ನನ್ನ ಹೆಸರು ಹೇಮಾವತಿ. ಹೊಳೆನರಸೀಪುರದ ಪಕ್ಕದ ಹೊಳೆಗೂ ಅದೇ ಹೆಸರು. ಜಿನನಾಥಪುರದ ನಮ್ಮ ಮನೆಯಲ್ಲಿ, ಬೀದಿಯಲ್ಲಿ, ಎಲ್ಲ ಕಡೆ ನಾನು ಏಮ. ಮೊದಲ ದಿನ ಜಯಕ್ಕ “ಹೇಮಾವತಿ” ಎಂದು ಪೂರ್ತಿ ಉಸಿರು ತುಂಬಿ ಕೂಗಿದಾಗ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದ್ದೆ.

ಅವ್ವ ಶ್ರವಣಬೆಳಗೊಳದ ಲಾಡ್ಜೊಂದರಲ್ಲಿ ಬೆಡ್‌ಶೀಟು ಒಗೆಯುತ್ತಿದ್ದಳು. ನನ್ನನ್ನು ಕಳಿಸುವಾಗ ಒಂದೇ ಮಾತು ಹೇಳಿದ್ದಳು: “ಸ್ಟೈಪೆಂಡ್ ಬರೋಗಂಟ ಓಗು. ನಿಂತ ದಿನ ಗಾರ್ಮೆಂಟ್ಸು.” ಎರಡನೇ ವರ್ಷದ ನಡುವೆ ಆ ದಿನ ಬಂತು. ಅನುದಾನ ಕಡಿತವಾಗಿದೆ, ಸ್ಟೈಪೆಂಡು ಮತ್ತು ಊಟ ಮುಂದುವರಿಸಲಾಗದು ಎಂದು ಹಾಸನದ ಸಂಸ್ಕೃತಿ ಇಲಾಖೆಯಿಂದ ಪತ್ರ. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾಗಿತ್ತು, ಹೊಟ್ಟೆ ಪುಕ್ಕಟೆಯಾಗಿರಲಿಲ್ಲ.

ಜಯಕ್ಕ ನನ್ನನ್ನೂ ಪುಟ್ಟರಾಜುವನ್ನೂ ಕರೆದುಕೊಂಡು ಹಾಸನದ ಕಚೇರಿಗೆ ಹೊರಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಯ ಮುಂದೆ ಅಂಗೈ ಹಿಡಿದು, ಸಾಹೇಬರ ಮುಂದೆ ಆಡಬೇಕಾದ ಮಾತನ್ನು ಒಪ್ಪಿಸಿಕೊಂಡರು. ನಮ್ಮನ್ನು ಮಧ್ಯಾಹ್ನದವರೆಗೆ ಕಾಯಿಸಿ ಒಳಗೆ ಬಿಟ್ಟರು. ಅಷ್ಟು ಹೊತ್ತಿಗೆ ಜಯಕ್ಕನ ಸಿಟ್ಟು ನೆತ್ತಿಗೇರಿತ್ತು. “ಆಡೋ ಮಕ್ಳು ಸಾ ಇವು! ಊಟ ನಿಲ್ಲಿಸ್ಬುಟ್ರೆ ಎಲ್ಲಿಗ್ ಓಯ್ತವೆ?” ಎಂದುಬಿಟ್ಟರು.

ಸಾಹೇಬರು ನಮ್ಮ ಕಡೆಯವರಲ್ಲ. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಆಡುವ ಮಕ್ಕಳಾದರೆ ಕ್ರೀಡಾ ಇಲಾಖೆಗೆ ಹೋಗಿ ಅಮ್ಮ. ಇಲ್ಲಿ ಯಾಕೆ ಬಂದಿರಿ?” ಎಂದರು. ಪಕ್ಕದ ಗುಮಾಸ್ತ ನಕ್ಕ. ನನಗೂ ನಗು ಬಂತು, ನಕ್ಕೆ. ಆ ನಗುವಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಜಯಕ್ಕ ಎಲ್ಲರೆದುರೂ ಅಂಗೈಯನ್ನು ಬಾಯಿಯ ಮುಂದೆ ಹಿಡಿದು, “ಹಾಡುವ ಮಕ್ಕಳು ಸ್ವಾಮಿ. ಹಾಡುವವರು,” ಎಂದರು. ಸಾಹೇಬರು ಈಗ ತಲೆಯೆತ್ತಿದರು. “ತಪ್ಪು ಕೇಳಿಸಿಕೊಂಡೆ ಅಮ್ಮ. ಆದರೆ ಮೇಲಿನಿಂದಲೇ ಹಣ ಬಂದಿಲ್ಲ. ತರಗತಿ ನಡೆಸಿ, ಬೇಡ ಅನ್ನುವುದಿಲ್ಲ.”

ಹೊರಗೆ ಬಂದ ಮೇಲೆ ಜಯಕ್ಕ, “ಅಣ ಅಂದಿದ್ರೂ ಇಲ್ಲ ಅಂತಿದ್ರು, ಹಣ ಅಂದಿದ್ರೂ ಇಲ್ಲ ಅಂತಿದ್ರು. ಬುಡು,” ಎಂದರು. ಬಸ್ಸು ಹೊಳೆನರಸೀಪುರದ ಸೇತುವೆಗೆ ಬಂದಾಗ ನನ್ನ ಕೈ ಹಿಡಿದು, “ಸಿಟ್ಟು ಬಂದಾಗ ಅವ್ವನ್ ಮಾತೇ ಬತ್ತದೆ ಏಮಾ,” ಎಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ.

ಮುಂದಿನ ಭಾನುವಾರ ಕುಂಟುತ್ತಾ ನಮ್ಮ ಮನೆಗೇ ಬಂದರು. “ಇನ್ನೈದು ತಿಂಗ್ಳು ಕಳಿಸವ್ವ. ಸರ್ಟಿಫಿಕೇಟ್ ಬಂದ್ರೆ ಯಾವ್ದಾರಾ ಸ್ಕೂಲಲ್ಲಿ ಕೆಲ್ಸ ಸಿಕ್ಬೋದು,” ಎಂದು ಅವ್ವನನ್ನು ಕೇಳಿಕೊಂಡರು. ಅವ್ವನ ಕೈಯೆಲ್ಲ ಬ್ಲೀಚಿಂಗ್ ಪೌಡರಿಗೆ ಬಿರಿದಿತ್ತು. “ಸಿಕ್ಬೋದು ಅನ್ನೋದ ತಿನ್ನಕ್ಕಾಯ್ತದಾ ಅಕ್ಕಾ?” ಎಂದಳು. ಜಯಕ್ಕ ಒಂದು ಲೋಟ ನೀರು ಕೇಳಿ ಕುಡಿದು ಎದ್ದರು. ಅವ್ವ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಹೀಗೆ ಹಾಸನದ ಗಾರ್ಮೆಂಟ್ಸು ಸೇರಿದೆ. ಬೇರೆಯವರೂ ಒಬ್ಬೊಬ್ಬರಾಗಿ ಬಿಟ್ಟರು. ಪುಟ್ಟರಾಜು ಒಬ್ಬನೇ ಉಳಿದಾಗಲೂ ಜಯಕ್ಕ ಅಷ್ಟೂ ಹೆಸರು ಕೂಗಿ, ಖಾಲಿ ಜಾಗದ ಮುಂದೆ ಅಂಗೈ ಹಿಡಿದು ಕಾಯುತ್ತಿದ್ದರಂತೆ. ಕೊನೆಗೆ ಅವನೂ ಬಿಟ್ಟ. ಕೋಣೆಗೆ ಬೀಗ ಬಿತ್ತು.

ಎರಡು ವರ್ಷದ ಮೇಲೆ, ಫ್ಯಾಕ್ಟರಿ ರಜೆಯ ದಿನ, ಜಯಕ್ಕ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಸೊರಗಿದ್ದರು. ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕೆ ಕೆಲಸವಂತೆ. “ಆಡೆಲ್ಲ ಸ್ಪೀಕರ್ ಏಳ್ತದೆ. ನಾನು ಮಕ್ಳ ಸಾಲು ನಿಲ್ಲಿಸ್ತೀನಿ ಅಷ್ಟೆ,” ಎಂದರು. ನನ್ನ ಬ್ಯಾಗಿಗೆ ನೇತಾಡುತ್ತಿದ್ದ ಫ್ಯಾಕ್ಟರಿ ಟ್ಯಾಗನ್ನು ಹತ್ತಿರ ಹಿಡಿದು ಓದಿದರು. ‘ಏಮಾವತಿ’ ಎಂದಿತ್ತು. ಸೇರುವ ದಿನ ನಾನು ಹೇಳಿದ್ದು ಹಾಗೆ, ಅವರು ಬರೆದುಕೊಂಡದ್ದೂ ಹಾಗೆ.

“ಯಾರಿದು?” ಎಂದರು. ಅವರು ಬೆನ್ನು ನೆಟ್ಟಗೆ ಮಾಡಿ, ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು, “ಹೇಮಾವತಿ” ಎಂದು ಕೂಗಿದರು. ಬಸ್ ಹತ್ತುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಆಜರ್,” ಅಂದೆ.

ತಿದ್ದುತ್ತಾರೆಂದು ಕಾದೆ. ತಿದ್ದಲಿಲ್ಲ. ಆ ಕೈಯಿಂದಲೇ ನನ್ನ ಕೆನ್ನೆ ಸವರಿ, “ಬಸ್ ಬಂತು, ಓಗವ್ವ,” ಎಂದರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ. ಮಾರನೆಯ ದಿನ ಊಟದ ಬಿಡುವಿನಲ್ಲಿ ಫ್ಯಾಕ್ಟರಿ ಆಫೀಸಿನ ಕಿಟಕಿಗೆ ಹೋಗಿ, ಟ್ಯಾಗಿನಲ್ಲಿ ಹೆಸರು ತಪ್ಪಿದೆ, ಬದಲಾಯಿಸಿ ಕೊಡಿ ಎಂದೆ. ಒಳಗಿದ್ದ ಹುಡುಗಿ, “ಇಷ್ಟು ದಿನ ಸುಮ್ನಿದ್ದು ಈಗ ಒಂದಕ್ಷರಕ್ಕೆ ಬಂದ್ರಾ? ಸರಿ, ಎಸ್ರು ಏಳಿ,” ಎಂದಳು.

ನಾನು ಬಾಯಿಯ ಮುಂದೆ ಅಂಗೈ ಹಿಡಿದು ಹೇಳಿದೆ.