ಪದಕದ ಸತ್ಕಾರದಲ್ಲಿ ಅವ್ವನ ಭಾಷಣ

ನನ್ನ ತಮ್ಮ ವಾಯುಸೇನೆಯಲ್ಲಿ ಯುದ್ಧವಿಮಾನ ಹಾರಿಸುತ್ತಾನೆ. ಗಡಿಯಾಚೆಯ ಕಾರ್ಯಾಚರಣೆಯಲ್ಲಿ ತೋರಿದ ಶೌರ್ಯಕ್ಕೆ ಅವನಿಗೆ ಪದಕ ಬಂದ ವರ್ಷ, ರಜೆಗೆ ನಮ್ಮೂರು ತಡಸಕ್ಕೆ ಬಂದವನನ್ನು ಶಿಗ್ಗಾಂವಿಯ ಕಾಲೇಜೊಂದು ಸತ್ಕಾರಕ್ಕೆ ಕರೆಯಿತು. ಅವ್ವ, ನಾನು ಇಬ್ಬರೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು.

ಶಾಲು ಹೊದಿಸಿ ಹಾರ ಹಾಕಿದ್ದಾಯಿತು. ಆ ದಿನ ಆಕಾಶದಲ್ಲಿ ಏನಾಯಿತೆಂದು ಕೇಳಲು ವಿದ್ಯಾರ್ಥಿಗಳು ಕಾಯುತ್ತಿದ್ದರು. ಮೈಕಿನ ಮುಂದೆ ನಿಂತ ತಮ್ಮ, "ಅದನ್ನ ಹೇಳಾಕ ನಮಗ ಪರವಾನಗಿ ಇಲ್ರಿ. ಎಲ್ಲಾರೂ ಚಲೋ ಓದ್ರಿ," ಎಂದವನೇ ಕುಳಿತುಬಿಟ್ಟ. ಸಭೆ ಪೆಚ್ಚಾಯಿತು. ಪ್ರಿನ್ಸಿಪಾಲರು ದಿಕ್ಕು ತೋಚದೆ, ನೀವಾದರೂ ಎರಡು ಮಾತಾಡಿರೆಂದು ಅವ್ವನನ್ನು ಕರೆದರು.

ಅವ್ವ ಸೆರಗು ಸರಿಮಾಡಿಕೊಂಡು ಮೈಕು ಹಿಡಿದಳು.

"ಸಣ್ಣಾಂವ ಇದ್ದಾಗ ಇವಗ ಬಸ್ ಅಂದ್ರ ಆಗ್ತಿದ್ದಿಲ್ಲ. ತಡಸದಿಂದ ಹೊಂಟು ಶಿಗ್ಗಾಂವಿ ಮುಟ್ಟೂದ್ರಾಗ ನನ್ನ ಸೀರಿ ಮ್ಯಾಲ ವಾಂತಿ ಮಾಡ್ಕೋತಿದ್ದ. ವಿಮಾನ ಹತ್ತತೇನಿ ಅಂದಾಗ ನಾ ಮೊದಲ ಅಂಜಿದ್ದು ಅದಕ್ಕ."

ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ತಮ್ಮ ಹಾರದೊಳಗೆ ಮುಖ ಹುದುಗಿಸಿದ. ನಗು ಅಡಗಿದ ಮೇಲೆ ಹಿಂದಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, "ನನಗೂ ಬಸ್ಸಿನ್ಯಾಗ ಹಂಗ ಆಗತೈತ್ರಿ. ನಾನೂ ವಿಮಾನ ಹಾರಿಸಬಹುದೇನ್ರಿ?" ಎಂದು ಕೇಳಿದಳು.

ಈ ಸಲ ತಮ್ಮ ತಾನಾಗಿಯೇ ಎದ್ದು ಬಂದ. "ಖಂಡಿತ ಹಾರಿಸಬಹುದವಾ. ತರಬೇತಿಯೊಳಗ ಮೊದಮೊದಲ ನನಗೂ ಹೊಟ್ಟಿ ತೊಳಸ್ತಿತ್ತು. ಹಾರಿಸೂದು ನಮ್ಮ ಕೈಯಾಗ ಬಂದ್ ಮ್ಯಾಲ ತಾನ ಕಡಿಮಿ ಆತು," ಎಂದ.

ಆಮೇಲೆ ತರಬೇತಿ, ಹಾರಾಟದ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇದ್ದವು. ತಮ್ಮ ಗಂಟೆಗಟ್ಟಲೆ ಮಾತಾಡಿದ. ಅವ್ವ ವೇದಿಕೆಯ ಮೇಲೆಯೇ ಕುಳಿತು, ಎಲ್ಲ ಉತ್ತರಗಳೂ ತನಗೆ ಗೊತ್ತಿದ್ದವೆಂಬಂತೆ ತಲೆಯಾಡಿಸುತ್ತಿದ್ದಳು.