ಬಿಲ್ಲಿನ ದನಿಯಲ್ಲಿ ಮಳೆ

ನಮ್ಮ ಯಜಮಾನರು ಜಗಳೂರಿನ ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಕಸುಬು. ಆಳೆತ್ತರದ ಬಿಲ್ಲು, ಅದಕ್ಕೆ ಬಿಗಿದ ಕುರಿಯ ನರ, ಮಿಡಿಯಲು ಒಂದು ಮರದ ಕೊಡತಿ, ಇಷ್ಟೇ ಅವರ ಆಸ್ತಿ. ಹೊನ್ನಾಳಿಯ ಹೊಳೆ ದಂಡೆಯಲ್ಲಿ ಬೆಳೆದ ನಾನು ಮದುವೆಯಾಗಿ ಅಲ್ಲಿಗೆ ಹೋದಾಗ, ನೀರಿಲ್ಲದ ಊರಿಗೆ ಹೆಣ್ಣು ಕೊಟ್ಟರಲ್ಲ ಎಂದು ತವರಿನವರನ್ನು ಮನಸಾರೆ ಬೈದುಕೊಂಡಿದ್ದೆ. ಆ ಸೀಮೆಯ ಆಕಾಶವನ್ನು ಮೆಚ್ಚಲು ಕಲಿಸಿದ್ದು ಅವರ ಬಿಲ್ಲು.

ಒಣಹವೆಯಲ್ಲಿ ನರ ಟಂಯ್ ಎಂದು ಮಿಡಿಯುತ್ತಿತ್ತು, ಹತ್ತಿ ಹಾಲಿನ ನೊರೆಯ ಹಾಗೆ ಉಕ್ಕುತ್ತಿತ್ತು. ಗಾಳಿಯಲ್ಲಿ ತೇವ ಸೇರಿತೋ, ದನಿ ದಪ್ಪಗಾಗಿ ಹತ್ತಿ ನರಕ್ಕೇ ಅಂಟುತ್ತಿತ್ತು. ಮೋಡ ನಮ್ಮ ಕಣ್ಣಿಗೆ ಬೀಳುವ ಮೊದಲೇ ನರಕ್ಕೆ ಗೊತ್ತಾಗುತ್ತಿತ್ತು. ಹಾಗಾಗಿ ನಮ್ಮ ವರ್ಷ ನಡೆಯುತ್ತಿದ್ದುದೇ ಅದರ ಮಾತಿನಂತೆ. ಬೆಳಿಗ್ಗೆ ಬಾಯಿಂದ ಹೊಗೆ ಬರುವ ಮಾಗಿಯ ಚಳಿಯಲ್ಲಿ ಜಗಳೂರಿನಲ್ಲೇ ಕೈತುಂಬ ಕೆಲಸ. ಶಿವರಾತ್ರಿ ಕಳೆದು ಕಲ್ಲುಚಪ್ಪಡಿ ಕಾದ ಹೆಂಚಾಗುವ ಹೊತ್ತಿಗೆ ಬಿಲ್ಲು ಹೊತ್ತು ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಉಬ್ರಾಣಿ ಎಂದು ಊರೂರು ತಿರುಗುತ್ತಿದ್ದೆವು. ಮೃಗಶಿರ ಮಳೆ ಹಿಡಿದರೆ ಆ ಕಡೆಯೆಲ್ಲ ಜಡಿ. ಒಗೆದ ಬಟ್ಟೆಯೇ ಒಣಗದು, ಇನ್ನು ಹತ್ತಿಯ ಪಾಡೇನು? ಆಗ ತಿರುಗಿ ಜಗಳೂರಿಗೆ. ಅಲ್ಲಿ ಆಷಾಢವೆಂದರೆ ಬರೀ ಗಾಳಿ. ಮೋಡಗಳು ಬೇರೆ ಊರಿನ ನೆಂಟರ ಹಾಗೆ ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತಿದ್ದವು, ಒಳಗೆ ಕಾಲಿಡುತ್ತಿರಲಿಲ್ಲ. ಉತ್ತರೆ, ಹಸ್ತದಲ್ಲಿ ಯಾವಾಗಲೋ ನಾಲ್ಕು ಸಂಜೆ ಸುರಿಯುತ್ತಿತ್ತು. ಅಷ್ಟಕ್ಕೇ ಆ ಕೆಂಪು ನೆಲ ಸಜ್ಜೆ, ಶೇಂಗಾ ಕೊಟ್ಟುಬಿಡುತ್ತಿತ್ತು. ಸಿಕ್ಕಿದ್ದನ್ನು ಅಷ್ಟು ಚೆಂದ ಉಂಡು ಋಣ ತೀರಿಸುವ ನೆಲವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ಊರಲ್ಲೆಲ್ಲ ರೈತರು ಇವರನ್ನು ಹವೆ ಕೇಳುತ್ತಿದ್ದರು. ಪಂಚಾಂಗ ತಪ್ಪಿದರೂ ಪಿಂಜಾರ ಸಾಬರ ಮಾತು ತಪ್ಪದು ಎಂಬ ಹೆಸರಿತ್ತು. ನನಗೆ ಅದು ಹೆಮ್ಮೆ. ಕೆಲಸವನ್ನೂ ಆ ಹೆಸರೇ ತರುತ್ತಿತ್ತು. ನಡುವೆ ಅವರ ಕಿವಿ ಮಂದವಾಗುತ್ತ ಬಂತು. ಉಪ್ಪು ಕೇಳಿದರೆ ಸೂಜಿ ತಂದುಕೊಡುತ್ತಿದ್ದರು. ಆದರೂ ಮಳೆಯ ಮಾತು ಮಾತ್ರ ತಪ್ಪುತ್ತಿರಲಿಲ್ಲ. ಹೆಂಡತಿಯ ಮಾತಿಗೆ ಮಾತ್ರ ಕಿವುಡು ಎಂದು ನಾನು ಗೊಣಗುತ್ತಿದ್ದೆ.

ಯುದ್ಧದ ಕಾಲದ ಒಂದು ಬೇಸಿಗೆ. ಸವಳಂಗದ ಗೌಡರ ಮನೆಯಲ್ಲಿ ಮಗಳ ಮದುವೆಗೆ ಗಾದಿ ಹೊಲಿಯುತ್ತಿದ್ದೆವು. ಹತ್ತಿ ಸಿಗುವುದೇ ಕಷ್ಟವಾಗಿದ್ದ ದಿನಗಳು. ಅವರಿವರಲ್ಲಿ ಕೇಳಿ ಕೂಡಿಸಿದ್ದರು. ಐದು ದಿನ ಹಿಂಜಿದ ಅರಳೆಯನ್ನು ಅಂಗಳದ ಚಾಪೆಗಳ ಮೇಲೆ ಹರವಿ, ತೆಳ್ಳನೆಯ ಬಟ್ಟೆ ಹೊದಿಸಿ ಬಿಸಿಲಿಗಿಟ್ಟಿದ್ದೆವು. ಇವರು ಜಗಲಿಯಲ್ಲಿ ಉಳಿದದ್ದನ್ನು ಹಿಂಜುತ್ತಿದ್ದರು, ನಾನು ಎದುರಿಗೆ ಕೂತು ಹಿಂಜಿದ್ದನ್ನು ಒಟ್ಟುತ್ತಿದ್ದೆ. ಮಧ್ಯಾಹ್ನ ಗಂಡಿನ ಕಡೆಯ ಹಿರಿಯರು ಬಂದು ಜಗಲಿಯಲ್ಲೇ ಕೂತರು. ನಾನು ಸೆರಗನ್ನು ಗಲ್ಲದವರೆಗೆ ಎಳೆದುಕೊಂಡೆ.

"ಸಾಬ್ರೆ, ಮಳೆ ಏನಾರ ಐತಾ ಇವತ್ತು?" ಎಂದು ಗೌಡರು ಕೂಗಿ ಕೇಳಿದರು.

ಇವರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಆಕಾಶ ನೋಡಿದರು. "ಇಲ್ರಿ ಗೌಡ್ರೆ, ಏನಿಲ್ಲ."

ಆದರೆ ಆಗಲೇ ನರದ ದನಿ ದಪ್ಪಗಾಗಿತ್ತು, ಹತ್ತಿ ಮಾತ್ರ ಇನ್ನೂ ಅಂಟುತ್ತಿರಲಿಲ್ಲ. ಸೆರಗಿನ ಸಂದಿಯಿಂದ ಮೇಲೆ ನೋಡಿದರೆ ಒಂದು ಮೋಡವೂ ಇಲ್ಲ. ಇವರು ಮತ್ತೆ ಮಿಡಿದರು, ಮತ್ತೆ ಅದೇ ದನಿ, ಮುಖದಲ್ಲಿ ಏನೂ ಬದಲಾವಣೆಯಿಲ್ಲ. ಇವರಿಗೆ ಬಿಲ್ಲೂ ಕೇಳುತ್ತಿಲ್ಲ ಎಂದು ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡರೆ ಆ ಹುಡುಗಿಯ ಗಾದಿ ನೀರಿನಲ್ಲಿ ಹೋಗುತ್ತದೆ. ಬಾಯಿ ಬಿಟ್ಟರೆ ಇಷ್ಟು ಜನರ ಮುಂದೆ ಇವರ ಹೆಸರು ಹೋಗುತ್ತದೆ. ಕಿವುಡ ಪಿಂಜಾರನನ್ನು ಆಮೇಲೆ ಯಾರು ಕರೆದಾರು?

ನಾನು ಎದ್ದು ಒಳಗೆ ಹೋಗಿ ಗೌಡಶಾನಿಗೆ ಹಸಿ ಸುಳ್ಳು ಹೇಳಿದೆ. "ಅವ್ವಾರೆ, ದನಿ ತಿರುಗೈತಂತೆ. ಅರಳೆ ಬೇಗ ಒಳಗೆ ತಗೋಬೇಕಂತೆ. ನಮ್ಮೋರು ಈಗ ಹೇಳಿದ್ರು."

ಹೆಂಗಸರೆಲ್ಲ ಅಂಗಳಕ್ಕೆ ಓಡಿದರು. ಇವರು ಕೊಡತಿ ಹಿಡಿದುಕೊಂಡೇ ಬೆಪ್ಪಾಗಿ ನೋಡುತ್ತ ಕೂತಿದ್ದರು. ಕೊನೆಯ ಚಾಪೆ ಹೊಸಿಲು ದಾಟಿ ಸ್ವಲ್ಪ ಹೊತ್ತಿಗೆ ಪಡುವಣದಿಂದ ಧೂಳೆದ್ದಿತು, ಹಿಂದೆಯೇ ಕಪ್ಪು ಮೋಡ. ಅಂಥ ಕೃತ್ತಿಕೆ ಮಳೆಯನ್ನು ಮತ್ತೆ ನಾನು ನೋಡಲಿಲ್ಲ. ದನದ ಕೊಟ್ಟಿಗೆಯ ಹೆಂಚು ಹಾರಿದವು, ನಿಂಬೆ ಗಾತ್ರದ ಆಲಿಕಲ್ಲು ಅಂಗಳವೆಲ್ಲ ಪುಟಿದವು. ಭಯವಾದರೂ ಕಣ್ಣು ಕೀಳಲಾಗಲಿಲ್ಲ, ಅಷ್ಟು ಚೆಲುವಾಗಿತ್ತು.

ಮಳೆ ನಿಂತ ಮೇಲೆ ಗೌಡರು ಬೀಗರಿಗೆ ಹೇಳಿದರು. "ನೋಡ್ರಿ, ಕಿವಿ ಅಂದ್ರೆ ನಮ್ಮ ಸಾಬ್ರುದು. ಮೊದಲು ಇಲ್ಲ ಅಂದ್ರು, ದನಿ ತಿರುಗಿದ್ದೇ ತಡ, ಹೆಂಡ್ತಿ ಕೈಲಿ ಹೇಳಿ ಕಳಿಸಿದ್ರು."

ಗೌಡರದು ದೊಡ್ಡ ಗಂಟಲು. ಇವರಿಗೆ ಅಷ್ಟೂ ಕೇಳಿಸಿತು. ಬಿಲ್ಲನ್ನು ಗೋಡೆಗೆ ಒರಗಿಸಿ ಎದ್ದು ನಿಂತರು.

"ನಾನು ಹೇಳಿ ಕಳಿಸ್ಲಿಲ್ರಿ. ನನಗೆ ಬಿಲ್ಲಿನ ದನಿ ಕೇಳದೆ ಎರಡು ವರ್ಷ ಆತು. ದನಿ ಕೆಟ್ರೆ ಇವಳ ಹುಬ್ಬು ಗಂಟಾಕ್ತಾವೆ, ಇವಳಿಗೇ ಗೊತ್ತಿಲ್ಲ. ಅದನ್ನ ನೋಡಿ ನಾನು ಮಳೆ ಹೇಳ್ತಿದ್ದೆ. ಇವತ್ತು ಮುಖದ ಮೇಲೆ ಸೆರಗು ಇತ್ತು, ಕಾಣಲಿಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು. ಅವರ ಮಾನ ಮುಚ್ಚಲು ನಾನು ಪಟ್ಟ ಪಾಡನ್ನೆಲ್ಲ ಒಂದೇ ಮಾತಿನಲ್ಲಿ ಹೊಳೆಗೆ ಹಾಕಿದ್ದರು. ಎರಡು ವರ್ಷ ನನ್ನ ಮುಖವನ್ನು ಅಷ್ಟು ಗಮನವಿಟ್ಟು ನೋಡಿದ್ದರೆಂಬುದು ಆಮೇಲೆ ಹೊಳೆಯಿತು. ಕಣ್ಣು ತುಂಬಿ ಬಂದವು.

ಗೌಡರು ನನ್ನ ಕಡೆ ತಿರುಗಿದರು. "ಹಂಗಾದ್ರೆ ನೀನೇ ಹೇಳವ್ವ. ನಾಳೆ ಹೆಂಗೈತೆ?"

ಇವರು ಬಿಲ್ಲನ್ನು ತೆಗೆದುಕೊಂಡು ಒಮ್ಮೆ ಮಿಡಿದು, ನನ್ನನ್ನೇ ನೋಡುತ್ತ ನಿಂತರು. ಅಷ್ಟು ಗಂಡಸರ ಎದುರಿಗೇ ನಾನು ಸೆರಗನ್ನು ಹಣೆಯ ಮೇಲಕ್ಕೆ ಸರಿಸಿದೆ. ಮೊದಲು ಇವರಿಗೆ ಕಾಣಲಿ ಎಂದು ಮುಖವನ್ನು ಇವರ ಕಡೆ ತಿರುಗಿಸಿ, ಆಮೇಲೆ ಗೌಡರಿಗೆ ಉತ್ತರ ಹೇಳಿದೆ.